ಇಂಥ ಲೋಕ ಉಳಿಯಬೇಕೆ? – ‘ದಿ ಸ್ಟೋನ್ ಸ್ಕೈ’ ಓದಿದ ಮೇಲೆ

ಈ ಪುಸ್ತಕ ನನ್ನ ಕೈಗೆ ಬಂದದ್ದು ಮಗಳಿಂದ. ಪುಣೆಯ ಕಾಲೇಜಿನಲ್ಲಿ ಓದುವ ಅವಳು ಒಂದು ದಿನ ಮೂರು ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ಮೇಜಿನ ಮೇಲಿಟ್ಟು, “ಉಮ್ಮಾ, ಇದನ್ನ ಓದು, ಆಮೇಲೆ ಮಾತಾಡೋಣ” ಅಂದಳು. ವಿಜ್ಞಾನ ಕಾದಂಬರಿ ಅಂದ್ರೆ ನನಗೆ ರಾಕೆಟ್ಟು, ರೋಬೋಟು, ಹಸಿರು ಬಣ್ಣದ ಅನ್ಯಗ್ರಹವಾಸಿಗಳು, ಅಷ್ಟೇ. ಮುಟ್ಟದೆ ಎರಡು ತಿಂಗಳು ಇಟ್ಟಿದ್ದೆ. ಕೊನೆಗೆ ರಜೆಯಲ್ಲಿ ಊರಿಗೆ ಹೊರಟಾಗ ಚೀಲಕ್ಕೆ ಹಾಕಿಕೊಂಡೆ. ಮೂರನೆಯದರ ಕೊನೆಯ ಪುಟ ಮುಗಿಸಿದ್ದು ವಾಪಸ್ ಬರುವ ರೈಲಿನಲ್ಲಿ, ಮೇಲಿನ ಬರ್ತಿನಲ್ಲಿ ಮಲಗಿಕೊಂಡು. ಮುಗಿಸಿದ ಮೇಲೆ ತುಂಬಾ ಹೊತ್ತು ಕೆಳಗಿಳಿಯೋಕೇ ಮನಸ್ಸಾಗಲಿಲ್ಲ.

ಮನೆಗೆ ಬಂದಾಗ ಮಗಳು ಕೇಳಿದ್ದು ಒಂದೇ ಪ್ರಶ್ನೆ. “ಉಮ್ಮಾ, ನಾಸುನ್ ಹೇಳಿದ್ದರಲ್ಲಿ ತಪ್ಪೇನಿತ್ತು? ಇಂಥ ಲೋಕ ಉಳಿದು ಏನಾಗ್ಬೇಕು?” ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಇಡೀ ಕತೆಯನ್ನು, ಅದರ ಕೊನೆಯನ್ನೂ ಸೇರಿಸಿ, ಇಲ್ಲಿ ಹೇಳಬೇಕಾಗುತ್ತದೆ. ಮೊದಲೇ ಗೊತ್ತಾದರೆ ಓದುವ ಖುಷಿ ಹೋಗುತ್ತೆ ಅನ್ನುವವರು ಪುಸ್ತಕ ಓದಿಯೇ ಇಲ್ಲಿಗೆ ಬರಬಹುದು.

ಲೇಖಕಿ ಎನ್. ಕೆ. ಜೆಮಿಸಿನ್ ಅಮೆರಿಕದ ಕಪ್ಪು ಮಹಿಳೆ, ಹುಟ್ಟಿದ್ದು 1972ರಲ್ಲಿ. ಅವರ ‘ಬ್ರೋಕನ್ ಅರ್ತ್’ ತ್ರಿವಳಿಯಲ್ಲಿ ‘ದಿ ಫಿಫ್ತ್ ಸೀಸನ್’ (2015), ‘ದಿ ಒಬೆಲಿಸ್ಕ್ ಗೇಟ್’ (2016), ‘ದಿ ಸ್ಟೋನ್ ಸ್ಕೈ’ (2017) ಎಂಬ ಮೂರು ಕಾದಂಬರಿಗಳಿವೆ. ವಿಜ್ಞಾನ ಕಾದಂಬರಿ ಮತ್ತು ಫ್ಯಾಂಟಸಿಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಹ್ಯೂಗೋ, 2016, 2017, 2018ರಲ್ಲಿ ಸತತವಾಗಿ ಈ ಮೂರಕ್ಕೂ ಬಂತು. ಆ ಪ್ರಶಸ್ತಿಯ ಚರಿತ್ರೆಯಲ್ಲಿ ಯಾರಿಗೂ ಹಾಗೆ ಬಂದಿರಲಿಲ್ಲ. ಕಪ್ಪು ಲೇಖಕರೊಬ್ಬರಿಗೆ ಅತ್ಯುತ್ತಮ ಕಾದಂಬರಿಯ ಹ್ಯೂಗೋ ಸಿಕ್ಕಿದ್ದೇ 2016ರಲ್ಲಿ, ಇವರಿಂದಲೇ ಮೊದಲು. ಅದೇ ವರ್ಷಗಳಲ್ಲಿ, ಈ ಪ್ರಶಸ್ತಿ ಹೆಣ್ಣುಮಕ್ಕಳಿಗೆ, ಬಿಳಿಯರಲ್ಲದವರಿಗೆ ಸಿಗ್ತಾ ಇರೋದು ‘ರಾಜಕೀಯ’ ಅಂತ ಗುಂಪು ಕಟ್ಟಿಕೊಂಡು ಮತ ಹಾಕುವ ಪ್ರಚಾರವೂ ಅಲ್ಲಿ ನಡೆದಿತ್ತು. ಪ್ರಶಸ್ತಿ ಬಂತು ಅನ್ನೋದಕ್ಕಿಂತ, ಯಾವ ಗಾಳಿಯ ಎದುರು ಬಂತು ಅನ್ನೋದು ನೆನಪಿರಲಿ ಅಂತ ಇದನ್ನು ಹೇಳಿದೆ.

ಕತೆ ನಡೆಯುವ ಖಂಡದ ಹೆಸರು ‘ಸ್ಟಿಲ್‌ನೆಸ್’. ಅಲುಗದ ನೆಲ ಅಂತ ಅರ್ಥ. ನಿಜದಲ್ಲಿ ಅದು ಸದಾ ಅಲುಗುವ ನೆಲ. ದಖ್ಖನಿನ ನೆಲ ಗಟ್ಟಿ, ಇಲ್ಲಿ ಏನೂ ಆಗಲ್ಲ ಅಂತ ನಂಬಿಕೊಂಡಿದ್ದ ನಮಗೆ 1993ರ ಕಿಲ್ಲಾರಿ ಭೂಕಂಪ ಕಲಿಸಿದ ಪಾಠವನ್ನು ಅಲ್ಲಿಯ ಜನ ತಲೆಮಾರಿನಿಂದ ತಲೆಮಾರಿಗೆ ಕಲಿಯುತ್ತಲೇ ಇರುತ್ತಾರೆ. ಕೆಲವು ಶತಮಾನಕ್ಕೊಮ್ಮೆ ಭೂಮಿ ಬಿರಿದು, ಬೂದಿ ಆಕಾಶ ಮುಚ್ಚಿ, ವರ್ಷಗಟ್ಟಲೆ ಬೆಳಕಿಲ್ಲದ ಕಾಲ ಬರುತ್ತದೆ. ಅದಕ್ಕೆ ‘ಐದನೇ ಋತು’ ಅಂತ ಹೆಸರು. ಇಂಥ ಲೋಕದಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಒಂದು ಶಕ್ತಿ ಇದೆ: ನೆಲದೊಳಗಿನ ಕಂಪನವನ್ನು ಅರಿತು ಅದನ್ನು ತಡೆಯಬಲ್ಲರು, ಎಬ್ಬಿಸಲೂಬಲ್ಲರು. ಪುಸ್ತಕದ ಭಾಷೆಯಲ್ಲಿ ಅವರು ‘ಒರೊಜೀನ್’ಗಳು. ಬೀದಿಯ ಜನ ಬೈಯುವ ಹೆಸರು ‘ರೊಗ್ಗ’.

ಊರು ಉಳಿಯೋದು ಇವರಿಂದ, ಊರಿಗೆ ಭಯವೂ ಇವರದ್ದೇ. ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಊರವರೇ ಹೊಡೆದು ಕೊಲ್ಲುವುದೂ ಉಂಟು. ಉಳಿದವರನ್ನು ‘ಫಲ್‌ಕ್ರಮ್’ ಎಂಬ ಸಂಸ್ಥೆಗೆ ಒಯ್ದು ಪಳಗಿಸುತ್ತಾರೆ. ಕಾಯಲು ‘ಗಾರ್ಡಿಯನ್’ಗಳು ಇರುತ್ತಾರೆ, ಹೆಸರಿಗೆ ಪಾಲಕರು, ಕೆಲಸದಲ್ಲಿ ಕೊಲ್ಲುವ ಅಧಿಕಾರ ಇರುವವರು. ಪಳಗದ ಮಕ್ಕಳ ಮೆದುಳನ್ನೇ ಹಾಳುಗೆಡವಿ, ಕುರ್ಚಿಗೆ ಕಟ್ಟಿಹಾಕಿ, ದಾರಿಯುದ್ದಕ್ಕೂ ಇರುವ ಠಾಣೆಗಳಲ್ಲಿ ಭೂಕಂಪ ತಡೆಯುವ ಯಂತ್ರದ ಹಾಗೆ ಬಳಸುತ್ತಾರೆ. ಮೊದಲ ಪುಸ್ತಕದಲ್ಲಿ ಅಂಥ ಕುರ್ಚಿಯೊಂದನ್ನು ನೋಡುವ ದೃಶ್ಯವಿದೆ. ಅದನ್ನು ಓದಿದವರಿಗೆ ಆ ಲೋಕದ ಸುಖದ ಬೆಲೆ ಏನು ಅನ್ನೋದು ಮತ್ತೆ ಹೇಳಬೇಕಾಗಿಲ್ಲ.

ನಾಯಕಿ ಎಸ್ಸುನ್ ಇಂಥವಳು. ಗುರುತು ಮುಚ್ಚಿಟ್ಟು ಒಂದು ಸಣ್ಣ ಊರಿನಲ್ಲಿ ಶಾಲಾ ಶಿಕ್ಷಕಿಯಾಗಿ ಸಂಸಾರ ಮಾಡಿಕೊಂಡಿರುತ್ತಾಳೆ. ಒಂದು ದಿನ ಮನೆಗೆ ಬಂದಾಗ ಇನ್ನೂ ಮೂರು ತುಂಬದ ಮಗ ಸತ್ತು ಬಿದ್ದಿದ್ದಾನೆ. ಅವನಲ್ಲೂ ಆ ಶಕ್ತಿ ಇದೆ ಅಂತ ತಿಳಿದ ತಂದೆ ಜಿಜಾ ತಾನೇ ಹೊಡೆದು ಕೊಂದಿದ್ದಾನೆ. ಮಗಳು ನಾಸುನಳನ್ನು ಕರೆದುಕೊಂಡು ಹೊರಟುಹೋಗಿದ್ದಾನೆ. ಅದೇ ಹೊತ್ತಿಗೆ ಉತ್ತರದಲ್ಲಿ, ಎಸ್ಸುನ್‌ಳ ಹಳೆಯ ಒಡನಾಡಿ ಅಲಬಾಸ್ಟರ್, ದೌರ್ಜನ್ಯಕ್ಕೆ ಕೊನೆ ಹಾಡಬೇಕು ಅಂತ ಇಡೀ ಖಂಡವನ್ನೇ ಸೀಳಿಬಿಡುತ್ತಾನೆ. ಮೊದಲೆರಡು ಪುಸ್ತಕಗಳು ತಾಯಿ ಮಗಳನ್ನು ಹುಡುಕುವ ಕತೆ. ಮೂರನೆಯದರಲ್ಲಿ ಇಬ್ಬರೂ ಎದುರಾಗುತ್ತಾರೆ, ಎದುರಾಳಿಗಳಾಗಿ.

ಜಗಳ ಚಂದ್ರನ ಬಗ್ಗೆ. ಬಹಳ ಹಿಂದೆ ಕಕ್ಷೆ ತಪ್ಪಿಹೋದ ಚಂದ್ರ ಈಗ ಭೂಮಿಯ ಹತ್ತಿರ ಹಾದುಹೋಗಲಿದ್ದಾನೆ. ಅವನನ್ನು ಹಿಡಿದು ಮೊದಲಿನ ಜಾಗಕ್ಕೆ ತಂದರೆ ಭೂಮಿಯ ಸಿಟ್ಟು ತಣಿಯುತ್ತದೆ, ಋತುಗಳ ಕಾಟ ನಿಲ್ಲುತ್ತದೆ ಎಂಬುದು ಎಸ್ಸುನ್ ಆಸೆ. ಹತ್ತರ ಆಸುಪಾಸಿನ ನಾಸುನ್‌ಗೆ ಬೇಕಾದದ್ದು ಬೇರೆ. ಅಪ್ಪ ತಮ್ಮನನ್ನು ಕೊಂದದ್ದನ್ನು ನೋಡಿದವಳು ಅವಳು, ಕೊನೆಗೆ ಆ ಅಪ್ಪನನ್ನೇ ಕೊಲ್ಲಬೇಕಾಗಿ ಬಂದವಳು. ಅವಳ ಲೆಕ್ಕ ಸರಳ: ನಮ್ಮಂಥವರನ್ನು ಹಿಂಸಿಸದೆ ಬದುಕೋಕೆ ಈ ಲೋಕಕ್ಕೆ ಬರೋದೇ ಇಲ್ಲ. ಹಾಗಿದ್ದ ಮೇಲೆ ಚಂದ್ರನನ್ನು ತಂದು ಅದರ ಮೇಲೇ ಅಪ್ಪಳಿಸೋಣ, ಮುಗಿಯಲಿ.

ಇಲ್ಲಿ ಜೆಮಿಸಿನ್ ಮಾಡುವ ಕೆಲಸ ನನಗೆ ದೊಡ್ಡದಾಗಿ ಕಂಡಿತು. ಲೋಕವನ್ನು ನಾಶ ಮಾಡಲು ಹೊರಟವರನ್ನು ಸಾಮಾನ್ಯವಾಗಿ ಇಂಥ ಕತೆಗಳಲ್ಲಿ ಖಳನಾಯಕ ಅಂತ ಮಾಡಿ ಮುಗಿಸುತ್ತಾರೆ. ಕೊನೆಯ ಅಧ್ಯಾಯದಲ್ಲಿ ಒಬ್ಬ ನಾಯಕ ಬಂದು ಒಂದು ಭಾಷಣ ಮಾಡಿ, ಒಂದು ಹೊಡೆತ ಹೊಡೆದರೆ ಲೋಕ ಉಳಿಯಿತು. ಇಲ್ಲಿ ನಾಸುನ್‌ಳ ಅಧ್ಯಾಯಗಳನ್ನು ಓದುತ್ತಾ ಹೋದರೆ ಅವಳನ್ನು ತಪ್ಪು ಅನ್ನೋದಕ್ಕೆ ನಮ್ಮ ಹತ್ತಿರ ಮಾತೇ ಇರಲ್ಲ. ಲೋಕ ಒಳ್ಳೆಯದು ಅಂತ ಅವಳಿಗೆ ಹೇಳುವ ಹಕ್ಕು ಯಾರಿಗಿದೆ? ಅವಳ ತಾಯಿಗೂ ಇಲ್ಲ ಅನ್ನೋದು ಕಾದಂಬರಿಯ ನಿಲುವು. ಯಾಕೆ ಅಂತ ಹೇಳೋಕೆ ಒಂದು ಮುರಿದ ಕೈಯ ಕತೆ ಹೇಳಬೇಕು.

ಎಸ್ಸುನ್ ಮಗುವಾಗಿದ್ದಾಗ ಅವಳನ್ನು ಫಲ್‌ಕ್ರಮ್‌ಗೆ ಒಯ್ಯುವ ಗಾರ್ಡಿಯನ್ ಶಾಫಾ, ದಾರಿಯಲ್ಲಿ ಪ್ರೀತಿಯಿಂದ ಮಾತಾಡುತ್ತಾ ಮಾತಾಡುತ್ತಾ ಅವಳ ಕೈ ಮುರಿಯುತ್ತಾನೆ. ನೋವಿನಲ್ಲೂ ನೀನು ನಿನ್ನ ಶಕ್ತಿಯನ್ನು ಹಿಡಿತದಲ್ಲಿ ಇಡ್ತೀಯಾ ಅಂತ ಪರೀಕ್ಷೆ. ಹಾಗೆ ಮಾಡುವಾಗ ಅವನಿಗೆ ಅವಳ ಮೇಲೆ ಪ್ರೀತಿ ಇದೆ ಅನ್ನೋದೇ ಭಯಾನಕ. ವರ್ಷಗಳ ನಂತರ ಎಸ್ಸುನ್ ತನ್ನ ಮಗಳಿಗೆ ಗುಟ್ಟಾಗಿ ತರಬೇತಿ ಕೊಡುವಾಗ ಅದೇ ಪರೀಕ್ಷೆ ಮಾಡುತ್ತಾಳೆ. ಮಗಳ ಕೈ ಮುರಿಯುತ್ತಾಳೆ. ಅವಳಿಗೆ ಗೊತ್ತಿದ್ದ ರಕ್ಷಣೆ ಅದೊಂದೇ. ಹೊರಗಿನವರು ಕೊಲ್ಲುವ ಮೊದಲು ಮನೆಯಲ್ಲೇ ಗಟ್ಟಿ ಮಾಡಬೇಕು ಅಂತ.

ಇದನ್ನು ಓದುವಾಗ ನನಗೆ ನನ್ನ ಉಮ್ಮ ನೆನಪಾದಳು. ಚಿಕ್ಕಂದಿನಲ್ಲಿ ರೈಲಿನಲ್ಲಿ ನಾವು ಮನೆಮಾತಿನಲ್ಲಿ ಸ್ವಲ್ಪ ಜೋರಾಗಿ ಮಾತಾಡಿದರೆ ಸಾಕು, ತೊಡೆ ಹಿಂಡುತ್ತಿದ್ದಳು. “ಮೆಲ್ಲ, ಮೆಲ್ಲ.” ಯಾರೂ ಏನೂ ಅಂದಿರುತ್ತಿರಲಿಲ್ಲ. ಅನ್ನುವ ಮೊದಲೇ ಅವಳು ಹಿಂಡುತ್ತಿದ್ದಳು. ದೊಡ್ಡವಳಾಗಿ ಈ ಊರಿಗೆ ಬಂದು, ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿದ ಮೇಲೆ ‘ಮನೆ ಹೋಯ್ತು’ ಅನ್ನಿಸಿಕೊಂಡು, ನಾನೂ ನನ್ನ ಮಗಳಿಗೆ ಹಾಗೇ ಮಾಡಿದ್ದೇನೆ. ತೊಡೆ ಹಿಂಡಿಲ್ಲ, ಮಾತಿನಲ್ಲಿ. ಅಲ್ಲಿ ಹೋಗ್ಬೇಡ, ಅದನ್ನ ಬರೀಬೇಡ, ವಾದ ಮಾಡ್ಬೇಡ. ಮುರಿದ ಕೈಗೂ ಹಿಂಡಿದ ತೊಡೆಗೂ ಹೋಲಿಕೆ ಅಲ್ಲ, ಒಪ್ಪುತ್ತೇನೆ. ಆದರೆ ಪ್ರೀತಿಯ ಹೆಸರಿನಲ್ಲಿ ಭಯವನ್ನು ಮಕ್ಕಳ ಮೈಗೆ ದಾಟಿಸುವ ಬಗೆ ಒಂದೇ. ನನ್ನ ಮಗಳು ಈ ಪುಸ್ತಕವನ್ನು ನನ್ನ ಮುಂದೆ ಇಟ್ಟದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಆ ಪುಟಗಳಲ್ಲಿ.

ಅಮೆರಿಕದ ಕಪ್ಪು ಜನರ ಚರಿತ್ರೆಯಲ್ಲಿ ಈ ತಾಯಿಯ ಹಿಂದೆ ಇನ್ನೊಬ್ಬಳು ನಿಂತಿದ್ದಾಳೆ. 1856ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿಬಂದ ಮಾರ್ಗರೆಟ್ ಗಾರ್ನರ್, ಹಿಡಿಯಲು ಬಂದವರು ಬಾಗಿಲಿಗೆ ಬಂದಾಗ, ಮತ್ತೆ ಗುಲಾಮಳಾಗಬಾರದು ಅಂತ ತನ್ನ ಪುಟ್ಟ ಮಗಳನ್ನು ತಾನೇ ಕೊಂದಳು. ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಹುಟ್ಟಿದ್ದು ಆ ಘಟನೆಯಿಂದ. ಎಸ್ಸುನ್ ಕೂಡ ಹಿಂದೆ ಒಮ್ಮೆ, ಗಾರ್ಡಿಯನ್‌ಗಳು ಸುತ್ತುವರಿದಾಗ, ತನ್ನ ಮೊದಲ ಮಗನನ್ನು ಹೀಗೆಯೇ ಕಳೆದುಕೊಂಡವಳು. ಮಗಳ ಮುಂದೆ ಅವಳು ನಿಲ್ಲುವಾಗ ಈ ಎಲ್ಲ ಭಾರ ಹೊತ್ತು ನಿಲ್ಲುತ್ತಾಳೆ.

ಈಗ ಮೂರನೇ ಪುಸ್ತಕ ಹೊಸದಾಗಿ ತಂದು ಕೊಡುವ ವಿಷಯಕ್ಕೆ ಬರೋಣ. ಮೊದಲೆರಡು ಪುಸ್ತಕ ಓದುವಾಗ ನನಗೆ ಒಂದು ತಕರಾರು ಇತ್ತು, ಬಹಳ ಓದುಗರಿಗೂ ಇದ್ದೀತು. ಒರೊಜೀನ್‌ಗಳು ನಿಜಕ್ಕೂ ಅಪಾಯಕಾರಿಗಳು. ಸಿಟ್ಟು ಬಂದರೆ ಒಂದು ಊರನ್ನೇ ನಿರ್ನಾಮ ಮಾಡಬಲ್ಲರು, ಮಾಡುತ್ತಾರೆ ಕೂಡ. ಹಾಗಿದ್ದಾಗ ಜನರ ಭಯಕ್ಕೆ ಕಾರಣ ಇದೆಯಲ್ಲ? ನಿಜ ಜೀವನದಲ್ಲಿ ತುಳಿತಕ್ಕೆ ಒಳಗಾದವರಿಗೆ ಬೆಟ್ಟ ಸೀಳುವ ಶಕ್ತಿ ಇಲ್ಲ, ಅವರ ಬಗ್ಗೆ ಇರುವ ಭಯ ಪೂರ್ತಿ ಕಟ್ಟುಕತೆ. ಹೋಲಿಕೆ ಇಲ್ಲೇ ಕುಸಿಯುತ್ತದೆ ಅಲ್ವಾ?

‘ದಿ ಸ್ಟೋನ್ ಸ್ಕೈ’ ಈ ತಕರಾರಿಗೆ ಉತ್ತರವಾಗಿ ಸಾವಿರಾರು ವರ್ಷ ಹಿಂದಕ್ಕೆ, ಸಿಲ್ ಅನಾಜಿಸ್ಟ್ ಎಂಬ ಮಹಾನಗರಕ್ಕೆ ಹೋಗುತ್ತದೆ. ಗೋಡೆಗೂ ಗಾಡಿಗೂ ಜೀವವಿರುವ ಸುಂದರ ನಗರ ಅದು. ಜೀವ ಪವಿತ್ರ ಅನ್ನೋದು ಅಲ್ಲಿಯವರ ದಿನನಿತ್ಯದ ಮಾತು. ಆ ನಗರ ‘ನೀಸ್’ ಎಂಬ ಜನಾಂಗವನ್ನು ಗೆದ್ದಿತು. ನೀಸ್ ಜನ ತಮ್ಮ ಕೌಶಲದಲ್ಲಿ ಇವರಿಗಿಂತ ಮುಂದಿದ್ದರು. ಸೋತವರು ನಮಗಿಂತ ಜಾಣರು ಅಂತ ಗೆದ್ದವರು ಒಪ್ಪಲಾದೀತೇ? ಅದಕ್ಕೆ, ಅವರ ಮೈಯೊಳಗೇ ಏನೋ ಬೇರೆ ಇದೆ, ಅವರು ಪೂರ್ತಿ ಮನುಷ್ಯರಲ್ಲ ಅಂತ ಒಂದು ವಿದ್ಯೆ ಕಟ್ಟಿದರು. ವಿದ್ವಾಂಸರು ಅಳೆದರು, ಬರೆದರು. ಆ ಮಾತು ಸುಳ್ಳಾಗಿತ್ತು, ಆದರೂ ನೀಸ್ ಜನಾಂಗ ನಾಶವಾಯಿತು.

ಆಮೇಲೆ ನಡೆದದ್ದು ಇನ್ನೂ ಘೋರ. ಭೂಮಿಯ ಒಡಲಿನಿಂದ ಮುಗಿಯದ ಶಕ್ತಿ ಹೀರುವ ಒಂದು ದೊಡ್ಡ ಯಂತ್ರಕ್ಕೆ, ನೀಸರ ಬಗ್ಗೆ ಹೇಳಿದ್ದ ಆ ಸುಳ್ಳಿನ ಪ್ರಕಾರವೇ ಇರುವ ಜೀವಿಗಳು ಬೇಕಾದವು. ಪ್ರಯೋಗಶಾಲೆಯಲ್ಲಿ ಅವರನ್ನು ತಯಾರು ಮಾಡಿದರು. ನೀಸರ ಬಗ್ಗೆ ಹರಡಿದ್ದ ಅಪಪ್ರಚಾರದ ಲಕ್ಷಣಗಳನ್ನೆಲ್ಲ, ಬಿಳಿ ಕಣ್ಣು ವಿಚಿತ್ರ ರೂಪ ಎಲ್ಲವನ್ನೂ ಅವರ ಮೈಗೆ ಬರೆದರು. ಮೊದಲು ಸುಳ್ಳು, ಆಮೇಲೆ ಆ ಸುಳ್ಳಿನ ಅಚ್ಚಿನಲ್ಲಿ ಎರಕ ಹೊಯ್ದ ಮನುಷ್ಯರು. ಒರೊಜೀನ್‌ಗಳ ಚರಿತ್ರೆ ಶುರುವಾಗೋದು ಅಲ್ಲಿಂದ. ಅಂದ್ರೆ, ಅಪಾಯವನ್ನು ನೋಡಿ ಭಯ ಹುಟ್ಟಿದ್ದಲ್ಲ, ಭಯವೇ ಮೊದಲಿತ್ತು. ತಮ್ಮ ಲಾಭಕ್ಕಾಗಿ ಅಪಾಯವನ್ನು ತಯಾರು ಮಾಡಿದವರೇ ಮುಂದೆ ಅದನ್ನು ತೋರಿಸಿ, ನೋಡಿ, ನಾವು ಹೇಳಿರಲಿಲ್ಲವೇ ಅಂದರು. ಮೂರನೇ ಪುಸ್ತಕ ಇಲ್ಲದೆ ಹೋಗಿದ್ದರೆ ಈ ತ್ರಿವಳಿ ಒಂದು ಒಳ್ಳೆಯ ಸಾಹಸ ಕತೆ ಆಗಿರುತ್ತಿತ್ತು. ಈ ಒಂದು ತಿರುವಿನಿಂದ ಅದು ದ್ವೇಷ ಹೇಗೆ ತಯಾರಾಗುತ್ತದೆ ಅನ್ನೋದರ ಅಧ್ಯಯನವಾಯಿತು.

ಆ ಅಧ್ಯಾಯಗಳಲ್ಲಿ ಗಾಲಟ್ ಎಂಬ ಅಧಿಕಾರಿ ಬರುತ್ತಾನೆ. ಅವನ ಕಣ್ಣಿನ ಬಣ್ಣ ನೋಡಿ ಅವನ ಮೇಲೂ ನೀಸ್ ರಕ್ತದ ಅನುಮಾನ. ಅದಕ್ಕೇ ಅವನು ಉಳಿದವರಿಗಿಂತ ಹೆಚ್ಚು ನಿಷ್ಠೆ ತೋರಿಸುತ್ತಾನೆ, ಹೆಚ್ಚು ಕಠಿಣನಾಗುತ್ತಾನೆ. ಇಂಥವರನ್ನು ಕಾಣದ ಓದುಗರು ನಮ್ಮಲ್ಲಿ ಯಾರಾದರೂ ಇದ್ದಾರೆಯೇ? ಅದೇ ಭಾಗದಲ್ಲಿ ಕೆಲೆನ್ಲಿ ಎಂಬವಳು, ಆ ತಯಾರಿಸಿದ ಯುವಕ ಯುವತಿಯರನ್ನು ಕರೆದುಕೊಂಡು ಹೋಗಿ, ಅವರು ಯಾರ ಪಡಿಯಚ್ಚು ಅಂತ ತೋರಿಸುತ್ತಾಳೆ. ಕೊನೆಗೆ, ಯಂತ್ರಕ್ಕೆ ಶಕ್ತಿ ಒದಗಿಸಲು ಬಳ್ಳಿಗಳ ನಡುವೆ ಸಾಯಲೂ ಬಿಡದೆ ಮಲಗಿಸಿಟ್ಟಿರುವ ಜನರನ್ನು ಅವರು ಕಾಣುತ್ತಾರೆ. ಮೊದಲ ಪುಸ್ತಕದ ಆ ಕುರ್ಚಿಯ ಮೂಲ ಇದು. ಹಾಗಾಗಿ ಅವರು ಯಂತ್ರ ಶುರುವಾಗುವ ದಿನವೇ ದಂಗೆ ಏಳುತ್ತಾರೆ. ಜೀವವಿರುವ ಭೂಮಿ ತಾನೂ ತಿರುಗಿಬೀಳುತ್ತದೆ. ಚಂದ್ರ ಕೈತಪ್ಪಿಹೋಗುವುದು ಆ ಗಳಿಗೆಯಲ್ಲಿ. ಅಲಬಾಸ್ಟರ್ ಖಂಡ ಸೀಳಿದ್ದಕ್ಕೂ ನಾಸುನ್ ಚಂದ್ರನನ್ನು ಅಪ್ಪಳಿಸಹೊರಟಿದ್ದಕ್ಕೂ ಹೀಗೆ ಒಂದು ಪೂರ್ವಜರ ಸಾಲು ಸಿಗುತ್ತದೆ. ಲೋಕ ಮುಗಿಯಲಿ ಅಂದವರಲ್ಲಿ ನಾಸುನ್ ಮೊದಲನೆಯವಳಲ್ಲ.

ಹಾಗಾದರೆ ಬೇರೆ ದಾರಿಯೇ ಇಲ್ಲವೇ? ಕಾದಂಬರಿ ಸದ್ದಿಲ್ಲದೆ ಇನ್ನೊಂದನ್ನೂ ತೋರಿಸುತ್ತದೆ. ಕ್ಯಾಸ್ಟ್ರಿಮಾ ಎಂಬ ಊರಿನ ಮುಖ್ಯಸ್ಥೆ ಇಕ್ಕಾ, ಯಾವ ಸಂಸ್ಥೆಯಲ್ಲೂ ಪಳಗದ ಒರೊಜೀನ್. ಆ ಲೋಕದಲ್ಲಿ ಹೆಸರಿನ ನಡುವಿನ ಪದ ನೀವು ಊರಿಗೆ ಏನು ಕೆಲಸಕ್ಕೆ ಬರುತ್ತೀರಿ ಅನ್ನೋದನ್ನು ಹೇಳುತ್ತದೆ. ಅವಳು ಅಲ್ಲಿ ಬೈಗುಳವನ್ನೇ ಇಟ್ಟುಕೊಂಡಿದ್ದಾಳೆ: ಇಕ್ಕಾ ರೊಗ್ಗ ಕ್ಯಾಸ್ಟ್ರಿಮಾ. ಅವಳ ಊರಿನಲ್ಲಿ ಶಕ್ತಿ ಇರುವವರೂ ಇಲ್ಲದವರೂ ಜಗಳವಾಡುತ್ತಾ ಒಟ್ಟಿಗೆ ಬದುಕುತ್ತಾರೆ. ಎರಡನೇ ಪುಸ್ತಕದಲ್ಲಿ ಶತ್ರು ಸೈನ್ಯವೊಂದು ಬಂದು, ನಿಮ್ಮ ರೊಗ್ಗಗಳನ್ನು ಕೊಟ್ಟುಬಿಡಿ, ಉಳಿದವರನ್ನು ಸೇರಿಸಿಕೊಳ್ತೇವೆ ಅಂದಾಗ, ಊರವರು ಅದಕ್ಕೆ ಮತದಾನ ಇಡುತ್ತಾರೆ. ಎಸ್ಸುನ್ ಆ ಮತಪೆಟ್ಟಿಗೆಯನ್ನೇ ಒಡೆದುಹಾಕುತ್ತಾಳೆ. ಯಾರು ಮನುಷ್ಯರು ಯಾರಲ್ಲ ಅನ್ನೋದು ಬಹುಮತಕ್ಕೆ ಬಿಡುವ ವಿಷಯವಲ್ಲ ಅನ್ನೋದು ಅವಳ ವಾದ. ಮೂರನೇ ಪುಸ್ತಕದಲ್ಲಿ ಅದೇ ಜನ ಮನೆ ಕಳೆದುಕೊಂಡು, ಹಸಿದು, ಮರುಭೂಮಿ ದಾಟುತ್ತಾರೆ. ಯಾರೂ ಸಂತರಾಗಿಲ್ಲ. ಆದರೂ ಒಬ್ಬರನ್ನೊಬ್ಬರು ಬಿಟ್ಟುಹೋಗಿಲ್ಲ. ಮಗಳ ಪ್ರಶ್ನೆಗೆ ಉತ್ತರದ ಅರ್ಧ ಭಾಗ ನನಗೆ ಸಿಕ್ಕಿದ್ದು ಈ ನಡಿಗೆಯಲ್ಲಿ. ಎಸ್ಸುನ್ ಉಳಿಸಬೇಕು ಅಂದುಕೊಳ್ಳುವ ಲೋಕ ಫಲ್‌ಕ್ರಮ್‌ನ ಲೋಕವಲ್ಲ, ಈ ಗಲಾಟೆಯ ಸಣ್ಣ ಊರು.

ಇನ್ನರ್ಧ ಕೊನೆಯ ದೃಶ್ಯದಲ್ಲಿದೆ. ಭೂಮಿಯ ಆಚೆ ಬದಿಯ ನಗರದಲ್ಲಿ ತಾಯಿ ಮಗಳು ಸೇರುತ್ತಾರೆ. ನಾಸುನ್ ಜೊತೆ ಇರುವವನು ಶಾಫಾ, ತಾಯಿಯ ಕೈ ಮುರಿದವನೇ. ಅವನೀಗ ಹಳೆಯ ನೆನಪು ಬಹುಪಾಲು ಕಳೆದುಕೊಂಡು ನಾಸುನ್‌ಗೆ ನಿಜವಾದ ತಂದೆಯಾಗಿದ್ದಾನೆ, ಸಾವಿನ ಅಂಚಿನಲ್ಲಿದ್ದಾನೆ. ಅವನನ್ನು ಉಳಿಸಲು ನಾಸುನ್ ತನ್ನ ಯೋಜನೆ ಬದಲಿಸಿದ್ದಾಳೆ: ಇಡೀ ಮನುಷ್ಯಕುಲವನ್ನೇ ಸಾವಿಲ್ಲದ ಕಲ್ಲಿನ ಜೀವಿಗಳನ್ನಾಗಿ ಮಾಡುವುದು. ಇಬ್ಬರೂ ಅದೇ ಮಹಾಶಕ್ತಿಯನ್ನು ಎರಡು ಕಡೆಗೆ ಎಳೆಯುತ್ತಾರೆ. ಹೀಗೇ ಮುಂದುವರಿದರೆ ಇಬ್ಬರೂ ಸಾಯುತ್ತಾರೆ ಅಂತ ಎಸ್ಸುನ್‌ಗೆ ತಿಳಿಯುತ್ತದೆ. ಆಗ ಅವಳು ಬಿಟ್ಟುಬಿಡುತ್ತಾಳೆ. ಎಳೆಯುವುದನ್ನು ನಿಲ್ಲಿಸುತ್ತಾಳೆ. ಶಕ್ತಿ ಬಳಸಿದ್ದಕ್ಕೆ ಬೆಲೆಯಾಗಿ ಅವಳ ದೇಹ ಮಗಳ ಕಣ್ಣೆದುರೇ ಕಲ್ಲಾಗುತ್ತದೆ. ಲೋಕ ಉಳಿಯಲಿ ಅಂತ ಮಗಳನ್ನು ಬಲಿ ಕೊಡಲು ಅವಳು ಒಪ್ಪಲಿಲ್ಲ. ಲೋಕ ಹೋದರೂ ಸರಿ, ನೀನಿರು ಅಂದ ಹಾಗಾಯಿತು.

ನಾಸುನ್ ಆಗ ತಾಯಿಯ ಕೆಲಸವನ್ನು ತಾನೇ ಪೂರ್ತಿ ಮಾಡುತ್ತಾಳೆ. ಚಂದ್ರ ಮರಳುತ್ತಾನೆ. ಯಾರೂ ಅವಳಿಗೆ ಉಪದೇಶ ಮಾಡಲಿಲ್ಲ, ಕೈ ಮುರಿಯಲಿಲ್ಲ. ತನಗಾಗಿ ಗೆಲುವನ್ನೇ ಬಿಟ್ಟುಕೊಟ್ಟವರನ್ನು ಅವಳು ಜೀವನದಲ್ಲಿ ಮೊದಲ ಬಾರಿ ನೋಡಿದಳು. ಶಾಫಾನಿಂದ ಎಸ್ಸುನ್‌ಗೆ, ಎಸ್ಸುನ್‌ನಿಂದ ನಾಸುನ್‌ಗೆ ಬಂದಿದ್ದ ಆ ಹಿಂಸೆಯ ಸರಪಳಿ ಅಲ್ಲಿ ಕಡಿಯಿತು. ಮಗಳಿಗೆ ತಾಯಿ ಹೇಳಬೇಕಾಗಿದ್ದ ಕ್ಷಮಾಪಣೆಯೂ ಅದೇ ಇರಬೇಕು. ಇಷ್ಟು ವರ್ಷ ಬಾಯಿಮಾತಿನಲ್ಲಿ ಹೇಳಲಾಗದೆ ಉಳಿದದ್ದು.

ಈಗ ಭಾಷೆಯ ಬಗ್ಗೆ ಒಂದು ಮಾತು, ಅನುವಾದದಲ್ಲಿ ಆಸಕ್ತಿ ಇರುವ ವಿದ್ಯಾರ್ಥಿಗಳಿಗಾಗಿ. ಎಸ್ಸುನ್‌ಳ ಕತೆ ಮಧ್ಯಮ ಪುರುಷದಲ್ಲಿದೆ, ಯಾರೋ ಅವಳಿಗೇ ಹೇಳುತ್ತಿರುವ ಹಾಗೆ. ಹೇಳುತ್ತಿರುವವನು ಹೋವಾ, ಸಿಲ್ ಅನಾಜಿಸ್ಟ್‌ನಲ್ಲಿ ತಯಾರಾಗಿ, ದಂಗೆ ಎದ್ದು, ಕಲ್ಲಾಗಿ, ಸಾವಿರಾರು ವರ್ಷ ಬದುಕಿದವನು. ಕಲ್ಲಾದ ಎಸ್ಸುನ್ ಮತ್ತೆ ಎದ್ದಾಗ ತಾನು ಯಾರು ಅನ್ನೋದು ಮರೆಯಬಾರದು ಅಂತ, ಅವಳ ಕತೆಯನ್ನು ಅವಳಿಗೇ ಒಪ್ಪಿಸುತ್ತಿದ್ದಾನೆ. ಮೂರು ಪುಸ್ತಕದ ಉದ್ದಕ್ಕೂ ವಿಚಿತ್ರವಾಗಿ ಕಂಡ ಈ ತಂತ್ರದ ಕಾರಣ ಪೂರ್ತಿ ಬಿಚ್ಚಿಕೊಳ್ಳುವುದು ಇಲ್ಲಿ. ಇಂಗ್ಲಿಷಿನ ಒಂದೇ ‘ಯೂ’ ಕನ್ನಡಕ್ಕೆ ಬಂದರೆ ನೀನು ಆಗಬೇಕೋ ನೀವು ಆಗಬೇಕೋ? ನಾನಾದರೆ ನೀನು ಅಂತಲೇ ಇಡುತ್ತೇನೆ. ನಮ್ಮ ಭಾಷೆಯಲ್ಲಿ ದೇವರಿಗೂ ನೀನು, ಮಗುವಿಗೂ ನೀನು, ಕೀಳು ಅಂದುಕೊಂಡವರಿಗೂ ನೀನು. ಲೋಕವೆಲ್ಲ ತಾತ್ಸಾರದಿಂದ ನೀನು ಅಂದವಳನ್ನು ಹೋವಾ ಪ್ರೀತಿಯಿಂದ ನೀನು ಅನ್ನುತ್ತಾನೆ. ಇಂಗ್ಲಿಷಿನಲ್ಲಿ ಕಾಣದ ಈ ಅರ್ಥ ಕನ್ನಡದಲ್ಲಿ ತಾನಾಗಿ ಬರುತ್ತದೆ.

ದೋಷಗಳಿಲ್ಲವೇ? ಇವೆ. ಶಕ್ತಿಯ ಎಳೆಗಳು, ಒಬೆಲಿಸ್ಕ್‌ಗಳು, ಅವುಗಳ ಜೋಡಣೆ ಇವುಗಳ ವಿವರಣೆ ಹಲವು ಕಡೆ ಕೈಪಿಡಿ ಓದಿದ ಹಾಗಾಗುತ್ತದೆ. ಮೊದಲ ಪುಸ್ತಕದಲ್ಲಿ ನಮಗೆ ಅರ್ಧ ಗೊತ್ತು ಅರ್ಧ ಗೊತ್ತಿಲ್ಲ ಎಂಬ ಸ್ಥಿತಿಯೇ ರೋಮಾಂಚನವಾಗಿತ್ತು. ಇಲ್ಲಿ ಎಲ್ಲವನ್ನೂ ವಿವರಿಸಿಬಿಡುವ ಅವಸರ ಇದೆ. ಎಸ್ಸುನ್‌ಳನ್ನು ಪ್ರೀತಿಸುವ ವೈದ್ಯ ಲರ್ನಾ, ಅವಳ ಹೊಟ್ಟೆಯಲ್ಲಿ ಅವನ ಮಗು ಇರುವಾಗ, ಪ್ರಯಾಣದ ನಡುವೆ ಸತ್ತುಹೋಗುತ್ತಾನೆ. ಅವನಿಗಾಗಿ ಅಳೋಕೂ ನಮಗೆ ಒಂದು ಪುಟ ಸಿಗಲ್ಲ. ಇಕ್ಕಾಳನ್ನು ಕೊನೆಯ ಭಾಗದಲ್ಲಿ ಹಿಂದೆ ಬಿಟ್ಟದ್ದೂ ನನಗೆ ನಷ್ಟ ಅನ್ನಿಸಿತು. ಊರು ಕಟ್ಟುವವರ ಕೆಲಸ ಚಂದ್ರನನ್ನು ಹಿಡಿಯುವಷ್ಟೇ ದೊಡ್ಡದು ಅಂತ ಕಾದಂಬರಿ ನಂಬುವುದಾದರೆ, ಅಲ್ಲಿಗೆ ಇನ್ನೂ ಸ್ವಲ್ಪ ಜಾಗ ಕೊಡಬೇಕಿತ್ತು.

ಶಾಫಾನ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಮಕ್ಕಳನ್ನು ಹಿಂಸಿಸಿದವನಿಗೆ ನೆನಪು ಹೋದ ಮಾತ್ರಕ್ಕೆ ಒಳ್ಳೆಯ ತಂದೆಯ ಪಾತ್ರ ಸಿಗಬೇಕೇ? ಮಗಳ ಅಭಿಪ್ರಾಯ ಬೇರೆ. “ಪುಸ್ತಕ ಅವನನ್ನ ಕ್ಷಮಿಸಿಲ್ಲ ಉಮ್ಮಾ. ನಾಸುನ್ ಪ್ರೀತಿಸ್ತಾಳೆ, ಎಸ್ಸುನ್ ದ್ವೇಷಿಸ್ತಾಳೆ. ಎರಡನ್ನೂ ಹಾಗೇ ಬಿಟ್ಟಿದೆ” ಅನ್ನುತ್ತಾಳೆ. ಅವಳು ಹೇಳುವುದು ಸರಿ ಇರಬಹುದು. ಆದರೂ ಆ ಪುಟಗಳಲ್ಲಿ ನಾನು ಎಸ್ಸುನ್ ಪಕ್ಷ.

ಚಂದ್ರ ಮರಳಿ ಬಂದ ಮೇಲೂ ಜನ ಒಂದೇ ದಿನದಲ್ಲಿ ಬದಲಾಗಲ್ಲ. ಬೂದಿ ಇಳಿಯಲು ವರ್ಷಗಳು ಬೇಕು, ರೊಗ್ಗ ಅನ್ನೋ ಬೈಗುಳ ಹೋಗಲು ಅದಕ್ಕಿಂತ ಹೆಚ್ಚು. ಭೂಮಿಯ ಕಾಯಿಲೆ ವಾಸಿಯಾದ ಮಾತ್ರಕ್ಕೆ ಮನುಷ್ಯರದ್ದು ವಾಸಿಯಾಗಲ್ಲ ಅನ್ನೋದು ಜೆಮಿಸಿನ್‌ಗೆ ಗೊತ್ತು. ಕೊನೆಯ ಪುಟಗಳಲ್ಲಿ ಕಲ್ಲಿನಿಂದ ಎದ್ದು ಬಂದ ಎಸ್ಸುನ್‌ಗೆ ಹೋವಾ, ಈಗ ಏನು ಬೇಕು ಅಂತ ಕೇಳುತ್ತಾನೆ. ಲೋಕವನ್ನು ಇನ್ನಷ್ಟು ಒಳ್ಳೆಯದು ಮಾಡಬೇಕು ಎಂಬ ಅರ್ಥದ ಮಾತು ಅವಳದ್ದು. ಹಾಗಾದರೆ ಹೊರಡೋಣ ಅನ್ನುವ ಹಾಗೆ ಅವನ ಉತ್ತರ. ಮೂರು ಪುಸ್ತಕದ ಅಷ್ಟೊಂದು ಸಾವುಗಳ ನಂತರ ಇಷ್ಟು ಸಣ್ಣ ಮಾತು. ಮೊದಲ ಸಲ ಓದಿದಾಗ ಸಪ್ಪೆ ಅನ್ನಿಸಿತ್ತು. ಎರಡನೇ ಸಲ ಓದಿದಾಗ, ಇದಕ್ಕಿಂತ ದೊಡ್ಡ ಮಾತು ಹೇಳಿದ್ದರೆ ಸುಳ್ಳಾಗುತ್ತಿತ್ತು ಅನ್ನಿಸಿತು.

ಮಗಳಿಗೆ ಕೊನೆಗೂ ನಾನು ಹೇಳಿದ್ದು ಇಷ್ಟೇ. ನಾಸುನ್ ಕೇಳಿದ್ದರಲ್ಲಿ ತಪ್ಪಿಲ್ಲ. ಆ ಪ್ರಶ್ನೆ ಕೇಳಬೇಡ ಅಂತ ಅವಳ ಬಾಯಿ ಮುಚ್ಚಿಸುವ ತಾಯಿ ತಪ್ಪು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಇನ್ಮೇಲೆ ರೈಲಿನಲ್ಲಿ ಜೋರಾಗಿ ಮಾತಾಡ್ಬಹುದಾ?” ಅಂತ ನಕ್ಕಳು. ನನಗೆ ತಟ್ಟನೆ ಹೂಂ ಅನ್ನಲು ಆಗಲಿಲ್ಲ. ಅಭ್ಯಾಸ ಅಷ್ಟು ಬೇಗ ಹೋಗಲ್ಲ. ಆದರೆ ಬೇಡ ಅಂತಲೂ ಅನ್ನಲಿಲ್ಲ.

ವಿದ್ಯಾರ್ಥಿ ಗೆಳೆಯರು ಇದನ್ನು ಓದಬೇಕು ಅಂತ ನನ್ನ ಆಸೆ. ಮೂರನ್ನೂ ಕ್ರಮವಾಗಿ ಓದಿ, ಮೂರನೆಯದರಿಂದ ಶುರು ಮಾಡಬೇಡಿ. ಮೊದಲ ನೂರು ಪುಟ ಹೆಸರುಗಳ ಗೊಂದಲದಲ್ಲಿ ಕಷ್ಟವಾಗುತ್ತೆ, ಬಿಡದೆ ಮುಂದುವರಿಸಿ. ಆಗುವುದಾದರೆ ಓದಿದ ಮೇಲೆ ಮನೆಯಲ್ಲಿ ತಾಯಿಗೂ ಕೊಡಿ. ಇಂಗ್ಲಿಷ್ ಬರದಿದ್ದರೆ ಕೂತು ಕತೆ ಹೇಳಿ, ನಿಮ್ಮ ಮನೆಮಾತಿನಲ್ಲಿ. ಹೋವಾ ಮಾಡಿದ್ದೂ ಅದನ್ನೇ ತಾನೇ.